ಹಳೆಯ ಮನೆ ಖಾಲಿ ಮಾಡಿಸುವ ಮುನ್ನ: ಗುಜರಿ ವೃತ್ತಿಯವರೊಬ್ಬರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಸರಸ್ವತಿಪುರಂ, ಮೈಸೂರು): ತಂದೆಯವರ ಮನೆಯನ್ನು ಮುಂದಿನ ತಿಂಗಳು ಬಾಡಿಗೆಗೆ ಕೊಡಬೇಕು. ಮೂವತ್ತೈದು ವರ್ಷಗಳ ಸಾಮಾನು ಅಟ್ಟದಲ್ಲಿಯೂ ಹಿತ್ತಿಲ ಶೆಡ್ಡಿನಲ್ಲಿಯೂ ತುಂಬಿದೆ. ಮಂಚಗಳು, ಹತ್ತಿಯ ಹಾಸಿಗೆಗಳು, ಹಿತ್ತಾಳೆ ಪಾತ್ರೆ, ಡಬ್ಬದಂತಹ ಹಳೆಯ ಟಿವಿ, ಕೆಟ್ಟ ಫ್ರಿಜ್, ಮೂಟೆಗಟ್ಟಲೆ ಪತ್ರಿಕೆ ಮತ್ತು ಪುಸ್ತಕ. ಒಬ್ಬರು ಬಂದು ನೋಡಿ, ‘ನೀವು ಏನನ್ನೂ ವಿಂಗಡಿಸಬೇಡಿ, ಒಂದೇ ದಿನದಲ್ಲಿ ಎಲ್ಲವನ್ನೂ ಎತ್ತುತ್ತೇವೆ, ಹಣವೂ ಬೇಡ’ ಎಂದಿದ್ದಾರೆ. ಒಪ್ಪಬಹುದೇ?

ಉತ್ತರ: ಸದ್ಯಕ್ಕೆ ಒಪ್ಪಬೇಡಿ. ಅವರಿಗೆ ಒಂದು ಪ್ರಶ್ನೆ ಕೇಳಿ: ‘ಮಾರಾಟವಾಗದ ಸಾಮಾನನ್ನು ಎಲ್ಲಿಗೆ ಒಯ್ಯುತ್ತೀರಿ?’ ಹದಿನೆಂಟು ವರ್ಷಗಳಿಂದ ಈ ಊರಿನಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ಹಿತ್ತಾಳೆ, ತಾಮ್ರ, ತೇಗದ ಮರ, ಕಬ್ಬಿಣ, ಪತ್ರಿಕೆ ಇವುಗಳಿಗೆ ಗುಜರಿ ಅಂಗಡಿಯಲ್ಲಿ ಬೆಲೆ ಇದೆ. ಹರಿದ ರೆಕ್ಸಿನ್, ಥರ್ಮೊಕೋಲ್, ಫೋಮ್, ಒಡೆದ ಗಾಜು ಯಾರಿಗೂ ಬೇಡ. ಅವನ್ನು ಸರಿಯಾದ ಜಾಗಕ್ಕೆ ಮುಟ್ಟಿಸಲು ಗಾಡಿ ಬಾಡಿಗೆ, ಆಳಿನ ಕೂಲಿ ಬೀಳುತ್ತದೆ. ಪುಕ್ಕಟೆ ಎನ್ನುವವರಲ್ಲಿ ಕೆಲವರು ಆ ಖರ್ಚನ್ನು ರಾತ್ರಿಯ ಕತ್ತಲಲ್ಲಿ ರಿಂಗ್ ರಸ್ತೆಯ ಬದಿಯಲ್ಲಿ ಸುರಿದು ಉಳಿಸಿಕೊಳ್ಳುತ್ತಾರೆ. ಆ ರಾಶಿಗಳನ್ನು ಮೈಸೂರಿನವರೆಲ್ಲರೂ ನೋಡಿದ್ದಾರೆ. ಅದರಲ್ಲಿ ನಿಮ್ಮ ತಂದೆಯವರ ಹಾಸಿಗೆಯೂ ಸೇರಬಾರದು.

ಕಾಗದದಿಂದ ಆರಂಭಿಸಿ. ಒಂದೊಂದು ಪುಸ್ತಕವನ್ನೂ ಕೊಡವಿ ನೋಡಿ. ಕೆಲವು ವರ್ಷಗಳ ಹಿಂದೆ ಒಂದು ಮನೆಯಲ್ಲಿ ಹಳೆಯ ಪಂಚಾಂಗಗಳ ಕಟ್ಟನ್ನು ತಕ್ಕಡಿಗೆ ಹಾಕುವ ಮುನ್ನ ಬಿಚ್ಚಿದೆ. ಒಳಗೆ ನಿವೇಶನದ ಕ್ರಯಪತ್ರ ಇತ್ತು. ಆ ಮನೆಯವರು ಅದಕ್ಕಾಗಿ ಎರಡು ವರ್ಷ ಹುಡುಕಿದ್ದರಂತೆ. ಅಂದಿನಿಂದ ಯಾರ ಮನೆಯಲ್ಲಿಯೂ ಕಾಗದದ ಕಟ್ಟನ್ನು ಬಿಚ್ಚದೆ ತೂಗಿಲ್ಲ. ಬ್ಯಾಂಕ್ ಪಾಸ್‌ಬುಕ್, ಆಧಾರ್ ಪ್ರತಿ, ಆಸ್ಪತ್ರೆಯ ಕಡತ ಬೇಡವೆನಿಸಿದರೆ ಸಣ್ಣಗೆ ಹರಿದು ಹಾಕಿ, ಇಡಿಯಾಗಿ ಕೊಡಬೇಡಿ.

ಹಿತ್ತಾಳೆಯನ್ನು ಕಣ್ಣಳತೆಯಲ್ಲಿ ಮಾರಬೇಡಿ. ನಿಮ್ಮ ಎದುರಿಗೇ ತೂಗಿಸಿ, ಎರಡು ಅಂಗಡಿಗಳಲ್ಲಿ ದರ ವಿಚಾರಿಸಿ. ಹತ್ತಿಯ ಹಾಸಿಗೆ ಕಸವಲ್ಲ. ಹತ್ತಿ ಹಿಂಜುವವರಿಗೆ ಕೊಟ್ಟರೆ ಬಿಸಿಲಿಗೆ ಹಾಕಿ, ಹಿಂಜಿ, ಹೊಸ ಬಟ್ಟೆ ಹೊಲಿದು ಕೊಡುತ್ತಾರೆ. ಮಂಚವನ್ನು ಒಡೆಯುವ ಮುನ್ನ ಬಡಗಿಯೊಬ್ಬರಿಗೆ ತೋರಿಸಿ. ಹಳೆಯ ತೇಗವನ್ನು ಸೌದೆಯ ಬೆಲೆಗೆ ಕೊಡುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಟಿವಿ ಮತ್ತು ಫ್ರಿಜ್ಜನ್ನು ಮಾತ್ರ ಬೇರೆಯಾಗಿಯೇ ಇಡಿ. ಅಂತಹ ಟಿವಿಯ ಕೊಳವೆಯ ಗಾಜಿನಲ್ಲಿ ಸೀಸ ಇರುತ್ತದೆ. ಫ್ರಿಜ್ಜಿನ ಕೊಳವೆಯನ್ನು ಸುಮ್ಮನೆ ಕತ್ತರಿಸಿದರೆ ಒಳಗಿನ ಅನಿಲ ಗಾಳಿಗೆ ಸೇರುತ್ತದೆ. ಹಳೆಯ ಫ್ರಿಜ್‌ಗಳಲ್ಲಿ ಇದ್ದದ್ದು ಓಜೋನ್ ಪದರಕ್ಕೆ ಹಾನಿ ಮಾಡುವ ಅನಿಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇವು ನೋಂದಾಯಿತ ಮರುಬಳಕೆದಾರರಿಗೇ ಸೇರಬೇಕು. ಹೊಸ ಟಿವಿ ಕೊಳ್ಳುವವರಾದರೆ ಹಳೆಯದನ್ನು ಅದೇ ಅಂಗಡಿ ತೆಗೆದುಕೊಳ್ಳುತ್ತದೆಯೇ ಎಂದು ಕೇಳಿ, ಅದು ಎಲ್ಲಕ್ಕಿಂತ ಸುಲಭ.

ಪ್ರಶ್ನೆ (ಕುವೆಂಪುನಗರ): ಬಚ್ಚಲುಮನೆಯ ಹಳೆಯ ಟೈಲ್ಸ್ ಒಡೆಸಿದ್ದೇವೆ. ದಿನವೂ ಬರುವ ಕಸದ ಗಾಡಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬಹುದೇ?

ಉತ್ತರ: ಹಾಕಬೇಡಿ. ಕಟ್ಟಡ ತ್ಯಾಜ್ಯಕ್ಕೆ 2016ರಿಂದ ಪ್ರತ್ಯೇಕ ನಿಯಮಗಳೇ ಇವೆ. ಅದನ್ನು ಮನೆಯ ಕಸದೊಂದಿಗೆ ಬೆರೆಸುವಂತಿಲ್ಲ, ರಸ್ತೆಗೆ ಅಥವಾ ಚರಂಡಿಗೆ ಹಾಕುವಂತಿಲ್ಲ. ನಿಮ್ಮ ವಾರ್ಡಿನ ಪಾಲಿಕೆ ವಲಯ ಕಚೇರಿಗೆ ಹೋಗಿ, ಎಲ್ಲಿ ಸುರಿಯಲು ಅನುಮತಿ ಇದೆ ಎಂದು ಕೇಳಿ. ಗಾಡಿ ಗೊತ್ತುಮಾಡುವಾಗ ತೂಕ ನೆನಪಿರಲಿ. ಟಾಟಾ ಏಸ್‌ನಂತಹ ಸಣ್ಣ ಗೂಡ್ಸ್ ಗಾಡಿಯ ಸಾಮರ್ಥ್ಯ ಸುಮಾರು 750 ಕೆಜಿ. ಟೈಲ್ಸ್, ಗಾರೆ ನೋಡಲು ಸ್ವಲ್ಪವೇ ಕಂಡರೂ ಅರ್ಧ ಗಾಡಿ ತುಂಬುವಷ್ಟರಲ್ಲಿ ಆ ಮಿತಿ ಮುಟ್ಟಿಬಿಡುತ್ತದೆ. ಆದ್ದರಿಂದ ಎಷ್ಟು ಸರತಿ, ಸರತಿಗೆ ಎಷ್ಟು, ಮಹಡಿಯಿಂದ ಇಳಿಸುವ ಕೂಲಿ ಸೇರಿದೆಯೇ ಎಂಬುದನ್ನು ಮೊದಲೇ ಬರೆಸಿಕೊಳ್ಳಿ.

ಪ್ರಶ್ನೆ (ಕಲ್ಲಹಳ್ಳಿ, ಮಂಡ್ಯ): ಹಿತ್ತಿಲಲ್ಲಿ ಆರು ತೆಂಗಿನ ಮರಗಳಿವೆ. ಗರಿ, ಮಟ್ಟೆ ಎಲ್ಲವನ್ನೂ ಗುಡ್ಡೆ ಹಾಕಿ ಸುಡುತ್ತಿದ್ದೆವು. ಪಕ್ಕದ ಮನೆಯವರು ಆಕ್ಷೇಪಿಸುತ್ತಿದ್ದಾರೆ. ಗುಜರಿಯವರೂ ಒಯ್ಯುವುದಿಲ್ಲ.

ಉತ್ತರ: ಪಕ್ಕದವರ ಮಾತು ಸರಿಯಾಗಿದೆ. ಕಸವನ್ನು ಬಯಲಿನಲ್ಲಿ ಸುಡುವುದಕ್ಕೆ ನಿಷೇಧವಿದೆ. ಆ ಗುಡ್ಡೆಗೆ ಹಳೆಯ ವೈರು, ಪ್ಲಾಸ್ಟಿಕ್ ಸೇರಿದರಂತೂ ಹೊಗೆ ವಿಷವೇ. ನಿಮಗೆ ಗಾಡಿಯ ಅಗತ್ಯವೇ ಇಲ್ಲ. ಮರದ ಬುಡದಿಂದ ತುಸು ದೂರದಲ್ಲಿ ಸುತ್ತಲೂ ಕಾಲುವೆ ತೆಗೆದು, ಮಟ್ಟೆಗಳನ್ನು ಕುಳಿ ಮೇಲ್ಮುಖವಾಗಿರುವಂತೆ ಸಾಲಾಗಿ ಜೋಡಿಸಿ ಮಣ್ಣು ಮುಚ್ಚಿ. ಮಳೆಯ ನೀರನ್ನು ಅವು ಹೀರಿಕೊಂಡು ಬೇಸಿಗೆಯಲ್ಲಿ ಬೇರಿಗೆ ಕೊಡುತ್ತವೆ. ಗರಿಯನ್ನು ಕತ್ತರಿಸಿ ಬುಡಕ್ಕೆ ಹೊದಿಸಿ. ನನ್ನ ಅಜ್ಜಿ ಪಾಂಡವಪುರದ ಮನೆಯಲ್ಲಿ ಇದನ್ನೇ ಮಾಡುತ್ತಿದ್ದರು, ಗರಿಯ ಕಡ್ಡಿಯೆಲ್ಲ ಪೊರಕೆಯಾಗುತ್ತಿತ್ತು.

ಪ್ರಶ್ನೆ (ವಿಜಯನಗರ, ಮೈಸೂರು): ಕಪಾಟಿನ ಗಾಜು ಒಡೆದಿದೆ, ಅಜ್ಜಿಯ ಡೈಪರ್‌ಗಳೂ ದಿನವೂ ಇರುತ್ತವೆ. ಒಣ ಕಸದ ಬುಟ್ಟಿಗೆ ಹಾಕಿದರೆ ಸಾಕೇ?

ಉತ್ತರ: ಸಾಲದು. ಬೆಳಿಗ್ಗೆ ಸೀಟಿ ಊದಿಕೊಂಡು ಬರುವ ಪೌರಕಾರ್ಮಿಕರು ಆ ಬುಟ್ಟಿಯೊಳಗೆ ಕೈ ಹಾಕುತ್ತಾರೆ. ಆನಂತರ ಒಣ ಕಸ ವಿಂಗಡಿಸುವ ಘಟಕದಲ್ಲಿ ಮತ್ತೊಬ್ಬರು ಕೈ ಹಾಕುತ್ತಾರೆ. ಕೈಗವಸು ಗಾಜಿನ ಚೂರನ್ನು ತಡೆಯುವುದಿಲ್ಲ. ನನ್ನೊಂದಿಗೆ ದುಡಿಯುವ ಒಬ್ಬಾಕೆಯ ಅಂಗೈಗೆ ಒಡೆದ ಲೋಟದಿಂದ ಏಳು ಹೊಲಿಗೆ ಬಿತ್ತು, ಇಪ್ಪತ್ತು ದಿನ ಕೆಲಸವಿಲ್ಲದೆ ಕುಳಿತಳು. ಮೈಸೂರಿಗೆ 2015 ಮತ್ತು 2016ರಲ್ಲಿ ದೇಶದ ಅತ್ಯಂತ ಸ್ವಚ್ಛ ನಗರವೆಂಬ ಸ್ಥಾನ ದೊರೆತದ್ದು ಇಂತಹ ಕೈಗಳಿಂದ. ಗಾಜನ್ನು ದಪ್ಪ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಟೇಪು ಸುತ್ತಿ, ಮೇಲೆ ದೊಡ್ಡದಾಗಿ ‘ಗಾಜು’ ಎಂದು ಬರೆದು, ಕೈಗೇ ಕೊಟ್ಟು ಹೇಳಿ. ಡೈಪರನ್ನು ಪತ್ರಿಕೆಯಲ್ಲಿ ಸುತ್ತಿ, ಕೆಂಪು ಗುರುತು ಹಾಕಿ, ಬೇರೆಯಾಗಿ ಕೊಡಿ. ಅಜ್ಜಿಗೆ ಚುಚ್ಚುಮದ್ದಿನ ಸೂಜಿ ಬಳಸುತ್ತಿದ್ದರೆ ಅದನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಕೂಡಿಡಿ.

ಪ್ರಶ್ನೆ (ಸರಸ್ವತಿಪುರಂನವರೇ, ಮತ್ತೆ): ನೀವು ಹೇಳಿದಂತೆ ‘ಎಲ್ಲಿಗೆ ಒಯ್ಯುತ್ತೀರಿ’ ಎಂದು ಕೇಳಿದೆ. ‘ಅದು ನಿಮಗೇಕೆ?’ ಎಂದರು. ಈಗ ಏನು ಮಾಡಲಿ?

ಉತ್ತರ: ಬೇರೆಯವರನ್ನು ನೋಡಿ. ನಿಮ್ಮ ಬೀದಿಗೆ ವಾರವಾರವೂ ಬರುವ ಹಳೆಯ ಪೇಪರಿನವರನ್ನೇ ಮೊದಲು ಮಾತನಾಡಿಸಿ. ನಾಳೆಯೂ ಅದೇ ಬೀದಿಗೆ ಬರಬೇಕಾದವರು ತೂಕದಲ್ಲಿ ಮೋಸ ಮಾಡುವುದು ಕಡಿಮೆ. ಪತ್ರಿಕೆ, ಕಬ್ಬಿಣ, ಹಿತ್ತಾಳೆ ಅವರಿಗೆ ಹೋಗಲಿ. ಆ ಹಣದಲ್ಲಿಯೇ ಉಳಿದದ್ದಕ್ಕೆ ಗಾಡಿಯ ಬಾಡಿಗೆ ಕೊಡಿ, ಸುರಿಯುವ ಜಾಗದವರೆಗೆ ಮನೆಯವರೊಬ್ಬರು ಜೊತೆಯಲ್ಲಿ ಹೋಗಲಿ. ಒಂದು ತಿಂಗಳು ಸಮಯವಿದೆ. ಈ ಭಾನುವಾರ ಪುಸ್ತಕದ ಮೂಟೆಗಳನ್ನಷ್ಟೇ ಬಿಚ್ಚಿ.