ಕೈಯಲ್ಲಿ ಜೋಡಿ ರಾಜ, ಎದುರಿಗೆ ಪ್ರತಿ ಸಲ ರೈಸ್ ಮಾಡುವವರು: ಹೇಗೆ ಆಡಬೇಕು?

ಮೂಡಿಗೆರೆ ಮಳೆ:

ಎಲ್ಲರಿಗೂ ನಮಸ್ಕಾರ. ಪುಷ್ಯ ಮಳೆ ಹಿಡಿಯಿತೆಂದರೆ ನಮ್ಮ ಕಡೆ ತೋಟದ ಕೆಲಸ ಅಷ್ಟಕ್ಕಷ್ಟೆ. ಹಾಗಾಗಿ ಭಾನುವಾರ ಸಂಜೆ ಸ್ನೇಹಿತರೊಬ್ಬರ ಮನೆಯಲ್ಲಿ ಪೋಕರ್ ಟೂರ್ನಮೆಂಟ್ ಇಟ್ಟುಕೊಳ್ಳುತ್ತೇವೆ, ಹೋಲ್ಡೆಮ್ ಅನ್ನುವ ಬಗೆ: ಪ್ರತಿಯೊಬ್ಬರ ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಒಂಬತ್ತು ಜನ, ಒಂದೇ ಟೇಬಲ್. ಯಾರೂ ದುಡ್ಡು ಕಟ್ಟುವುದಿಲ್ಲ, ಬರೀ ಚಿಪ್ಸ್. ಕೊನೆಗೆ ಉಳಿದ ಮೂವರಿಗೆ ಬಹುಮಾನ. ಆನ್‌ಲೈನ್‌ನಲ್ಲಿ ದುಡ್ಡಿಟ್ಟು ಆಡುವ ಆಟಗಳನ್ನು ನಿಷೇಧಿಸಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿತಲ್ಲ, ಆಮೇಲೆ ಆ್ಯಪ್‌ನಲ್ಲಿ ಆಡುತ್ತಿದ್ದ ಇಬ್ಬರು ನಮ್ಮ ಜೊತೆ ಸೇರಿದರು. ಅವರಲ್ಲಿ ಒಬ್ಬರ ಬಗ್ಗೆಯೇ ನನ್ನ ಪ್ರಶ್ನೆ.

ಅವರು ಸುಮ್ನೆ ಕೂರುವ ಆಸಾಮಿ ಅಲ್ಲ. ಎರಡನೇ ಎಲೆಯ ಮೂಲೆ ಎತ್ತಿ ನೋಡುವಾಗಲೇ ಇನ್ನೊಂದು ಕೈಯಲ್ಲಿ ಚಿಪ್ಸ್ ಹಿಡಿದಿರುತ್ತಾರೆ. ಮೂರು ಕೈಗೆ (ಒಂದು ಸಲ ಎಲೆ ಹಂಚಿ ಆಡಿದರೆ ಒಂದು ಕೈ) ಎರಡು ಕೈ ರೈಸ್, ಅಂದರೆ ಬೆಟ್ ಏರಿಸುವುದು. ಕಳೆದ ವಾರ ಬ್ಲೈಂಡ್ (ಹಂಚುವವರ ಮುಂದಿನ ಇಬ್ಬರು, ಅಂದರೆ ಸ್ಮಾಲ್ ಬ್ಲೈಂಡ್ ಮತ್ತು ಬಿಗ್ ಬ್ಲೈಂಡ್, ಎಲೆ ನೋಡುವ ಮೊದಲೇ ಹಾಕಬೇಕಾದ ಚಿಪ್ಸ್) 200-400 ಇತ್ತು, ಆ್ಯಂಟಿ (ಟೇಬಲ್‌ಗೆಲ್ಲ ಸೇರಿ ಮೊದಲೇ ಹಾಕುವುದು) 400. ನನ್ನ ಹತ್ತಿರ 16,000, ಅವರ ಹತ್ತಿರ ನನಗಿಂತ ಜಾಸ್ತಿ. ಅವರು ಕಟಾಫ್‌ನಿಂದ (ಬಟನ್‌ಗೆ ಮೊದಲಿನ ಜಾಗ) 1,000ಕ್ಕೆ ರೈಸ್ ಮಾಡಿದರು. ನಾನು ಬಟನ್‌ನಲ್ಲಿ (ಹಂಚುವವರ ಜಾಗ), ಕೈಯಲ್ಲಿ ಎರಡು ರಾಜ. 5,000ಕ್ಕೆ ರೀರೈಸ್ ಮಾಡಿದೆ. ಎಲ್ಲರೂ ಎಲೆ ಎಸೆದರು. ಸಿಕ್ಕಿದ್ದು 2,000 ಮಾತ್ರ.

ಸ್ವಲ್ಪ ಹೊತ್ತಿಗೆ ಅದೇ ಜಾಗದಲ್ಲಿ ಎರಡು ರಾಣಿ ಬಂತು. ಈ ಸಲ ಬರೀ ಕಾಲ್ ಮಾಡಿದೆ, ಅಂದರೆ ಅವರು ಹಾಕಿದಷ್ಟೇ ಹಾಕಿದೆ. ಬಿಗ್ ಬ್ಲೈಂಡ್‌ನವರೂ ಬಂದರು. ಫ್ಲಾಪ್‌ನಲ್ಲಿ (ಮೇಜಿನ ಮೇಲೆ ಬೀಳುವ ಮೊದಲ ಮೂರು ಎಲೆ) ಎಕ್ಕ, ಏಳು, ನಾಲ್ಕು. ಬಿಗ್ ಬ್ಲೈಂಡ್‌ನವರು ಚೆಕ್ ಮಾಡಿದರು, ಅಂದರೆ ಏನೂ ಹಾಕಲಿಲ್ಲ. ಇವರು 1,800 ಹಾಕಿದರು. ನಾನು ಎಲೆ ಕೆಳಗಿಟ್ಟೆ.

ರೀರೈಸ್ ಮಾಡಿದರೆ ಓಡುತ್ತಾರೆ, ಕಾಲ್ ಮಾಡಿದರೆ ಎಕ್ಕ ಬೀಳುತ್ತದೆ. ಇಂಥವರ ಎದುರು ದೊಡ್ಡ ಜೋಡಿಯನ್ನು ಹೇಗೆ ಆಡುವುದು?

ಸಕಲೇಶಪುರ ಘಾಟ್:

ಗುರು, ಎಕ್ಕ-ಎಕ್ಕ, ರಾಜ-ರಾಜ ಬಂದಾಗ ಅಷ್ಟೆಲ್ಲ ಲೆಕ್ಕ ಯಾಕೆ? ಆಲ್-ಇನ್ ಹೇಳಿಬಿಡಿ, ಇದ್ದ ಚಿಪ್ಸ್ ಎಲ್ಲ ಒಳಗೆ. ನಿಮ್ಮ ಕೈಯಲ್ಲಿ ಜೋಡಿ ರಾಜ ಇದ್ದಾಗ ಉಳಿದ ಎಂಟು ಜನರಲ್ಲಿ ಯಾರಿಗಾದರೂ ಜೋಡಿ ಎಕ್ಕ ಬಂದಿರುವುದು ನೂರಕ್ಕೆ ಸುಮಾರು 4 ಸಲ. ಹೆದರುವುದೇನೂ ಇಲ್ಲ. 2,000 ಸಿಕ್ಕರೂ ಅದು ಐದು ಬಿಗ್ ಬ್ಲೈಂಡ್. ಕೈಗೆ ಬಂದದ್ದು ಬಿಡಬೇಡಿ.

ಹಾಸನ ಬಿ.ಎಂ. ರಸ್ತೆ:

ಘಾಟ್ ಅವರ ಮಾತನ್ನು ನಾನು ಒಪ್ಪುವುದಿಲ್ಲ. ನಿಮ್ಮ ಹತ್ತಿರ 15-20 ಬಿಗ್ ಬ್ಲೈಂಡ್ ಮಾತ್ರ ಇದ್ದರೆ ಆಲ್-ಇನ್ ಸರಿ. ಇಲ್ಲಿ 40 ಇದೆ. ಜೋಡಿ ರಾಜ, ಜೋಡಿ ಎಕ್ಕ ಸಂಜೆಯೆಲ್ಲ ಕೂತರೂ ಬರದೇ ಹೋಗಬಹುದು. ಜೋಡಿ ಎಕ್ಕ ಬರುವುದೇ 221 ಕೈಗೆ ಒಂದು ಸಲ, ಜೋಡಿ ರಾಜನೂ ಅಷ್ಟೇ. ಅಂಥ ಕೈ ಬಂದಾಗ, ಅದೂ ಕಂಡ ಕಂಡ ಎಲೆಗೆಲ್ಲ ರೈಸ್ ಮಾಡುವವರು ಎದುರಿಗೇ ಇದ್ದಾಗ, ಅವರನ್ನು ಓಡಿಸಿ ಏನು ಪ್ರಯೋಜನ? ಅವರು ಜಾಸ್ತಿ ರೈಸ್ ಮಾಡುತ್ತಾರೆ ಅನ್ನುವುದು ನಿಮಗೆ ತೊಂದರೆ ಅಲ್ಲ, ಅದೇ ನಿಮ್ಮ ಆದಾಯ. ಅವರನ್ನು ಆಟದಲ್ಲಿ ಉಳಿಸಿಕೊಳ್ಳಬೇಕು.

ಮೊದಲ ಕೈ ತಗೊಳ್ಳಿ. ರೀರೈಸ್ ಮಾಡಿದ್ದು ಸರಿ, ಮೊತ್ತ ಜಾಸ್ತಿ ಆಯಿತು. 1,000ಕ್ಕೆ 5,000 ಅಂದರೆ ಐದು ಪಟ್ಟು. ನೀವು ಅವರಾದ ಮೇಲೆ ಆಡುವ ಜಾಗದಲ್ಲಿದ್ದೀರಿ. 2,600 ಸಾಕು. ಆಗ ಪಾಟ್‌ನಲ್ಲಿ (ಮಧ್ಯದಲ್ಲಿ ಸೇರಿದ ಚಿಪ್ಸ್) 4,600 ಇರುತ್ತದೆ, ಅವರು ಇನ್ನು 1,600 ಹಾಕಬೇಕು. ನೂರಕ್ಕೆ 26 ಸಲ ಗೆದ್ದರೂ ಅವರಿಗೆ ಲೆಕ್ಕ ಸರಿಹೋಗುತ್ತದೆ. ಇಂಥ ಆಟಗಾರರು ಆ ಬೆಲೆಗೆ ರಾಣಿ-ಗುಲಾಮ, ಹತ್ತು-ಒಂಬತ್ತು ಏನಿದ್ದರೂ ಬಿಡುವುದಿಲ್ಲ. ಸಿಟ್ಟು ಬಂದು ಮೇಲಕ್ಕೆ ಮತ್ತೆ ರೈಸ್ ಮಾಡಿದರಂತೂ ಇನ್ನೂ ಒಳ್ಳೆಯದು.

ಬರೀ ಕಾಲ್ ಮಾಡಿದರು ಅಂದುಕೊಳ್ಳಿ. ಪಾಟ್ 6,200. ನಿಮ್ಮ ಹತ್ತಿರ 13,400. ಫ್ಲಾಪ್ ಒಂಬತ್ತು, ಆರು, ಎರಡು. ಅವರು ಚೆಕ್ ಮಾಡಿದರೆ ನೀವು 2,000 ಹಾಕಿ. ಕಾಲ್ ಬಂದರೆ ಪಾಟ್ 10,200. ಟರ್ನ್‌ನಲ್ಲಿ (ನಾಲ್ಕನೇ ಎಲೆ) 4,000. ಅದಕ್ಕೂ ಕಾಲ್ ಬಂದರೆ ಪಾಟ್ 18,200 ಆಗಿರುತ್ತದೆ, ನಿಮ್ಮ ಹತ್ತಿರ ಉಳಿದದ್ದು 7,400. ರಿವರ್‌ನಲ್ಲಿ (ಕೊನೆಯ ಎಲೆ) ಅದು ಒಳಗೆ. ಎಲ್ಲಿಯೂ ದೊಡ್ಡ ಬೆಟ್ ಅನ್ನಿಸುವುದಿಲ್ಲ, ಆದರೆ ನಿಮ್ಮ 16,000 ಪೂರ್ತಿ ಪಾಟ್‌ಗೆ ಹೋಗಿರುತ್ತದೆ. ಮಧ್ಯದಲ್ಲಿ ಅವರೇ ಮೈಮೇಲೆ ಬಿದ್ದು ರೈಸ್ ಮಾಡಿದರೆ ಕಾಲ್ ಮಾಡಿ ಸುಮ್ಮನಿರಿ. ತಿರುಗಿ ರೈಸ್ ಮಾಡಬೇಡಿ. ಬ್ಲಫ್ ಮಾಡುತ್ತಿರುವವರು ಮುಂದಿನ ಸುತ್ತಿನಲ್ಲೂ ಚಿಪ್ಸ್ ಹಾಕಲಿ.

ಇನ್ನು ಬರೀ ಕಾಲ್ ಮಾಡಿ ಬಲೆ ಹಾಕುವ ವಿಷಯ. ಇದರಲ್ಲಿ ಎಲ್ಲರೂ ಎದುರಿಗಿರುವ ಒಬ್ಬರನ್ನೇ ನೋಡುತ್ತಾರೆ, ಹಿಂದೆ ಕೂತವರನ್ನು ಮರೆಯುತ್ತಾರೆ. ನೀವು ಬಟನ್‌ನಲ್ಲಿ ಕಾಲ್ ಮಾಡಿದ ತಕ್ಷಣ ಬಿಗ್ ಬ್ಲೈಂಡ್‌ಗೆ 600 ಹಾಕಿದರೆ 3,000 ಗೆಲ್ಲುವ ಅವಕಾಶ. ಯಾವ ಎಲೆ ಇದ್ದರೂ ಬರುತ್ತಾರೆ. ಜೋಡಿ ಎಕ್ಕ ಒಬ್ಬರ ಎದುರು ನೂರಕ್ಕೆ 85 ಸಲ ಗೆಲ್ಲುತ್ತದೆ. ಇಬ್ಬರಾದರೆ 73, ಮೂವರಾದರೆ 64. ಹಾಗಾಗಿ ಬಲೆ ಹಾಕಲು ಒಳ್ಳೆಯ ಜಾಗ ಬಿಗ್ ಬ್ಲೈಂಡ್. ನಿಮ್ಮ ಹಿಂದೆ ಯಾರೂ ಇಲ್ಲ. ಕಾಲ್ ಮಾಡಿದರೆ ಇಬ್ಬರೇ ಫ್ಲಾಪ್ ನೋಡುತ್ತೀರಿ. ಆಮೇಲೆ ಚೆಕ್ ಮಾಡಿ, ಅವರು ಹಾಕುತ್ತಾ ಹೋಗಲಿ.

ಅದೂ ಎಕ್ಕ, ರಾಜನಿಗೆ ಮಾತ್ರ. ಜೋಡಿ ರಾಜ ಇದ್ದಾಗ ಫ್ಲಾಪ್‌ನಲ್ಲಿ ಎಕ್ಕ ಬೀಳುವುದು ನೂರಕ್ಕೆ 23 ಸಲ. ಜೋಡಿ ರಾಣಿಗೆ ಮೇಲಿನ ಎಲೆ ಬೀಳುವುದು 41 ಸಲ. ಜೋಡಿ ಗುಲಾಮನಿಗೆ 57. ಅರ್ಧಕ್ಕಿಂತ ಜಾಸ್ತಿ, ನೋಡಿ. ಆ ಎರಡಕ್ಕೆ ಮೊದಲೇ ರೀರೈಸ್ ಮಾಡುವುದು ಮೇಲು.

ನಿಮ್ಮ ರಾಣಿ ಕೈಯಲ್ಲಿ ಬಿಗ್ ಬ್ಲೈಂಡ್‌ನವರು ಇನ್ನೂ ಬಾಕಿ ಇದ್ದರು, ಎಲೆ ಇಟ್ಟಿದ್ದು ಸರಿಯೇ. ಅದೇ ನೀವಿಬ್ಬರೇ ಇದ್ದಿದ್ದರೆ ಒಂದು ಕಾಲ್ ಕೊಡಲೇಬೇಕು. ಅರ್ಧ ಪಾಟ್ ಬೆಟ್‌ಗೆ ನಾಲ್ಕರಲ್ಲಿ ಒಂದು ಸಲ ಗೆದ್ದರೂ ಲುಕ್ಸಾನಿಲ್ಲ. ಎಕ್ಕ ಬಿದ್ದರೆ ತನ್ನ ಹತ್ತಿರ ಇಲ್ಲದಿದ್ದರೂ ಬೆಟ್ ಮಾಡುವವರು ಇವರು. ಟರ್ನ್‌ನಲ್ಲಿ ಮತ್ತೆ ದೊಡ್ಡದಾಗಿ ಹಾಕಿದರೆ ಆಗ ಯೋಚಿಸಿ.

ಬೇಲೂರಿನ ಅಕ್ಕ:

ಹಾಸನದ ತಮ್ಮ ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಒಂದು ವಿಷಯ ಸೇರಿಸುತ್ತೇನೆ. ಜೋರಾಗಿ ಆಡುವವರಲ್ಲಿ ಎರಡು ತರಹ ಇದ್ದಾರೆ. ಕೆಲವರು ಮೊದಲ ರೈಸ್ ಮಾತ್ರ ಕಂಡಾಬಟ್ಟೆ ಮಾಡುತ್ತಾರೆ, ಯಾರಾದರೂ ತಿರುಗಿ ರೈಸ್ ಮಾಡಿದರೆ ತೆಪ್ಪಗಾಗುತ್ತಾರೆ. ಇನ್ನು ಕೆಲವರು ಆಗಲೂ ಬಿಡದೆ ಆಲ್-ಇನ್‌ವರೆಗೆ ಹೋಗುತ್ತಾರೆ. ನಿಮ್ಮವರು ಯಾವ ತರಹ? ನಿಮ್ಮದಲ್ಲದ ಕೈಗಳಲ್ಲಿ ಅದನ್ನೇ ಗಮನಿಸಿ. ಎಲೆ ಎಸೆದ ಮೇಲೆ ಫೋನ್ ನೋಡುತ್ತಾ ಕೂತರೆ ಇದು ತಿಳಿಯುವುದಿಲ್ಲ.

ಯಾಕೆ ಮುಖ್ಯ ಅಂದರೆ, ಮೊದಲ ತರಹದವರು ನಿಮ್ಮ ರೀರೈಸ್ ಮೇಲೆ ಆಲ್-ಇನ್ ಹೇಳಿದರೆ ಅವರ ಕೈಯಲ್ಲಿ ನಿಜವಾಗಿ ಎಲೆ ಇದೆ. ಜೋಡಿ ಎಕ್ಕ, ಜೋಡಿ ರಾಜ, ಎಕ್ಕ-ರಾಜ ಇಷ್ಟೇ ಇರಬಹುದು ಅಂದುಕೊಂಡರೆ ನಿಮ್ಮ ಜೋಡಿ ರಾಣಿ ಗೆಲ್ಲುವುದು ನೂರಕ್ಕೆ ಸುಮಾರು 40 ಸಲ. ಎರಡನೇ ತರಹದವರಾದರೆ ಸಣ್ಣ ಜೋಡಿ, ಎಕ್ಕ-ಹತ್ತು ಎಲ್ಲವೂ ಸೇರುತ್ತವೆ, ಆಗ ರಾಣಿಯೇ ಮುಂದೆ.

ನಾಲ್ಕು ಜನ ಉಳಿದು ಮೂವರಿಗೆ ಬಹುಮಾನ ಇರುವಾಗ ಇನ್ನೂ ಹುಷಾರು. ಆಗ ಚಿಪ್ಸ್ ಎರಡರಷ್ಟಾದರೆ ನಿಮ್ಮ ಬಹುಮಾನ ಎರಡರಷ್ಟಾಗುವುದಿಲ್ಲ. ಕಳೆದುಕೊಂಡರೆ ಮಾತ್ರ ಬರಿಗೈ. ಪಕ್ಕದಲ್ಲಿ ಒಬ್ಬರ ಹತ್ತಿರ ಮೂರೋ ನಾಲ್ಕೋ ಬ್ಲೈಂಡ್ ಉಳಿದಿದ್ದರೆ, ಮೊದಲ ತರಹದವರ ಆಲ್-ಇನ್‌ಗೆ ಜೋಡಿ ಗುಲಾಮ, ಜೋಡಿ ರಾಣಿಯನ್ನೂ ನಾನು ಬಿಡುತ್ತೇನೆ. ಎಕ್ಕ, ರಾಜ ಬಿಡುವುದಿಲ್ಲ.

ಮೂಡಿಗೆರೆ ಮಳೆ:

ಅಕ್ಕ, ಸರ್, ತುಂಬಾ ಥ್ಯಾಂಕ್ಸ್. ನಮ್ಮವರು ಎರಡನೇ ತರಹದವರೇ ಅನ್ನಿಸುತ್ತದೆ, ಒಂದು ಸಲ ಆರು-ಐದು ಇಟ್ಟುಕೊಂಡು ಆಲ್-ಇನ್ ಹೋಗಿದ್ದರು. ಇನ್ನೊಂದು ಸಂದೇಹ. ನಾನು ಸ್ಮಾಲ್ ಬ್ಲೈಂಡ್‌ನಲ್ಲಿದ್ದರೆ? ಅಲ್ಲೂ 2,600 ಸಾಕಾ?

ಹಾಸನ ಬಿ.ಎಂ. ರಸ್ತೆ:

ಸಾಲದು. ಅಲ್ಲಿ ಫ್ಲಾಪ್ ಆದ ಮೇಲೆ ಪ್ರತಿ ಸುತ್ತಿನಲ್ಲೂ ನೀವೇ ಮೊದಲು ಆಡಬೇಕು, ಅವರು ನಿಮ್ಮನ್ನು ನೋಡಿಕೊಂಡು ಆಡುತ್ತಾರೆ. ಹಿಂದೆ ಬಿಗ್ ಬ್ಲೈಂಡ್ ಬೇರೆ ಇದ್ದಾರೆ, ಬರೀ ಕಾಲ್ ಬೇಡವೇ ಬೇಡ. 3,500 ಸುತ್ತಮುತ್ತ ಮಾಡಿ. ಆರು-ಐದಕ್ಕೆ ಆಲ್-ಇನ್ ಹೋಗುವವರು ಅಷ್ಟಕ್ಕೆಲ್ಲ ಓಡುವುದಿಲ್ಲ.