ಸಹಾಯ ಬೇಕು: ಆಲೆಮನೆ ಗಾಣದ ಬುಷ್‌ಗೆ ಯಾವ ಎಣ್ಣೆ ಹಾಕ್ಲಿ?

ಎಲ್ರಿಗೂ ನಮಸ್ಕಾರ. ಮಂಡ್ಯ ಕಡೆ ನಮ್ಮದೊಂದು ಸಣ್ಣ ಆಲೆಮನೆ ಇದೆ. ಕಬ್ಬು ಅರೆಯೋ ಗಾಣದ ಅಚ್ಚು ತಿರುಗೋ ಲೋಹದ ಬಳೆಗೆ, ಅಂದ್ರೆ ಬುಷ್‌ಗೆ ಗ್ರೀಸ್ ಹಾಕಿದ್ರೆ ಬಿಸಿಗೆ ಕರಗಿ, ಕರ್ರಗೆ ಕಬ್ಬಿನಹಾಲಿನ ತೊಟ್ಟಿ ಅಂಚಿಗೇ ಇಳಿಯುತ್ತೆ. ಜನ ತಿನ್ನೋ ಬೆಲ್ಲ, ಮನಸ್ಸು ಒಪ್ತಿಲ್ಲ.

ಕೊಬ್ಬರಿ ಎಣ್ಣೆ ಹಾಕ್ದೆ. 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತಲ್ಲ, ಚಳಿಗಾಲದ ಬೆಳಗ್ಗೆ ಎಣ್ಣೆ ತೂತಲ್ಲೇ ಕೂತ್ಬಿಡ್ತು. ಸೂರ್ಯಕಾಂತಿ ಎಣ್ಣೆ ಅಂಟಾಗಿ, ಕಬ್ಬಿನ ಸಿಪ್ಪೆ ಪುಡಿ ಹಿಡ್ಕೊಂಡು ಬುಷ್ ಕಾಯ್ತು. ಹೊಂಗೆ ಎಣ್ಣೆ ಕಹಿ, ತಿನ್ನೋ ಪದಾರ್ಥದ ಹತ್ರ ಬೇಡ ಅಂತ ಬಿಟ್ಟೆ. ಈಗ ಹರಳೆಣ್ಣೆ ಹಾಕ್ತಿದೀನಿ. ಮಂದವಾಗಿದೆ, ಸವೆತ ಕಮ್ಮಿ ಆಗಿದೆ. ಆದ್ರೆ ಗಾಣ ನಾಲ್ಕು ದಿನ ನಿಂತ್ರೆ ಬುಷ್ ಅಂಚಲ್ಲಿ ಹಳದಿ ಅಂಟು ಗಟ್ಟಿಯಾಗಿ ಕೂರುತ್ತೆ, ಉಗುರಲ್ಲಿ ಕೆರೆದ್ರೂ ಬರಲ್ಲ.

ಹರಳೆಣ್ಣೆಗೆ ಜೇನುಮೇಣ ಬೆರೆಸಿದ್ರೆ ಈ ಅಂಟು ನಿಲ್ಲುತ್ತಾ? ಬೆರೆಸಿ ನೋಡಿದವರಿದ್ರೆ, ಲೀಟರಿಗೆ ಎಷ್ಟು ಗ್ರಾಂ ಹಾಕಿದ್ರಿ ಹೇಳಿ.