ಒಂಬತ್ತು ದಿನದ ಕರುವಿಗೆ ನೀರು ಭೇದಿ: ಹಾಲು ನಿಲ್ಲಿಸಬೇಕೇ?

ಪ್ರಶ್ನೆ

ಹುಟ್ಟಿ 9 ದಿನವಾದ ಹೆಣ್ಣುಗರು, ತೂಕ ಸುಮಾರು 28 ಕಿಲೋ. ನಿನ್ನೆ ಸಂಜೆಯಿಂದ ಹಳದಿ ಬಣ್ಣದ ನೀರಿನಂಥ ಭೇದಿ. ಬಾಲ, ಹಿಂಗಾಲು ಸದಾ ಒದ್ದೆ. ಎದ್ದು ನಿಲ್ಲುತ್ತದೆ, ಆದರೆ ಹಾಲಿಗೆ ಮೊದಲಿನ ಆತುರವಿಲ್ಲ. ತಾಯಿಯ ಹಾಲನ್ನೇ ಬಕೆಟ್‌ನಲ್ಲಿ ಬೆಳಿಗ್ಗೆ ಒಂದೂವರೆ, ಸಂಜೆ ಒಂದೂವರೆ ಲೀಟರ್ ಕುಡಿಸುತ್ತಿದ್ದೇವೆ. ಭೇದಿ ನಿಲ್ಲುವವರೆಗೆ ಹಾಲು ಕೊಡಲೇಬಾರದು ಎನ್ನುತ್ತಾರೆ, ನಿಜವೇ? ಮನೆಯಲ್ಲಿ ಉಳಿದಿರುವ ಆ್ಯಂಟಿಬಯೋಟಿಕ್ ಮಾತ್ರೆ ಕೊಡಬಹುದೇ? ಮುಂದಿನ ತಿಂಗಳು ಎಮ್ಮೆಯೂ ಕರು ಹಾಕಲಿದೆ. ಆ ಕರುವಿಗೂ ಹೀಗಾಗದಂತೆ ಏನು ಮಾಡಬೇಕು?

ಉತ್ತರ 1

ಹಾಲು ನಿಲ್ಲಿಸಬೇಡಿ. ಭೇದಿಯಾದ ಎಳಗರು ಹೆಚ್ಚಾಗಿ ಸಾಯುವುದು ಮೈಯ ನೀರು, ಉಪ್ಪು ಬರಿದಾಗಿ. ಅದರ ಮೇಲೆ ಹಾಲನ್ನೂ ತಪ್ಪಿಸಿದರೆ ಶಕ್ತಿಗೆ ಏನೂ ಉಳಿಯುವುದಿಲ್ಲ. ಈ ವಯಸ್ಸಿನ ಕರುವಿನ ಮೈಯಲ್ಲಿ ಕೊಬ್ಬಿನ ದಾಸ್ತಾನು ತೀರಾ ಕಡಿಮೆ. ದಿನದ ಮೂರು ಲೀಟರ್ ಹಾಗೇ ಇರಲಿ, ಆದರೆ ಎರಡು ಹೊತ್ತಿನ ಬದಲು ಮೂರು ಹೊತ್ತು, ಒಂದೊಂದು ಲೀಟರ್ ಕೊಡಿ.

ಹೋದ ನೀರನ್ನು ತುಂಬಲು ಓಆರ್‌ಎಸ್ ಬೇಕು. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ. ಗಟ್ಟಿಯಾಗಿ ಕಲಸಿದರೆ ಒಳ್ಳೆಯದು ಅಂದುಕೊಳ್ಳಬೇಡಿ, ಅದು ಕರುಳಿಗೆ ಇನ್ನಷ್ಟು ನೀರು ಎಳೆದು ಭೇದಿ ಹೆಚ್ಚಿಸುತ್ತದೆ. ಉಗುರು ಬೆಚ್ಚಗಿರುವಾಗ ಸಲಕ್ಕೆ ಒಂದು ಲೀಟರ್, ದಿನಕ್ಕೆ ಎರಡು ಮೂರು ಸಲ. ಹಾಲಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ಹಾಲು ಕರುವಿನ ನಾಲ್ಕನೇ ಹೊಟ್ಟೆಯಲ್ಲಿ ಹೆಪ್ಪುಗಟ್ಟಬೇಕು. ಓಆರ್‌ಎಸ್‌ನಲ್ಲಿರುವ ಸಿಟ್ರೇಟ್, ಸೋಡಾ ಅದಕ್ಕೆ ಅಡ್ಡಿ. ಆದ್ದರಿಂದ ಹಾಲಿನಲ್ಲಿ ಕಲಸಿ ಕೊಡಲೇಬೇಡಿ.

ಎಷ್ಟು ಬತ್ತಿದೆ ಎಂದು ನೋಡಲು ಕತ್ತಿನ ಚರ್ಮವನ್ನು ಚಿವುಟಿ ಎತ್ತಿ ಬಿಡಿ. ಎರಡು ಸೆಕೆಂಡಿನೊಳಗೆ ಸಮವಾದರೆ ಪರವಾಗಿಲ್ಲ. ನಾಲ್ಕೈದು ಸೆಕೆಂಡ್ ಹಿಡಿದರೆ, ಕಣ್ಣು ಗುಳಿ ಬಿದ್ದಿದ್ದರೆ ನೀರಿನ ಕೊರತೆ ಜೋರಾಗಿದೆ ಎಂದರ್ಥ. ಆಮೇಲೆ ತೊಳೆದ ಬೆರಳನ್ನು ಬಾಯಿಗಿಡಿ. ಚೀಪಿದರೆ ಬಾಯಿಂದಲೇ ಕುಡಿಸಬಹುದು. ಚೀಪದಿದ್ದರೆ, ಬಾಯಿಯ ಒಳಗೆ ತಣ್ಣಗಿದ್ದರೆ, ಏಳದೆ ಮಲಗೇ ಇದ್ದರೆ ತಡಮಾಡದೆ ಪಶುವೈದ್ಯರನ್ನು ಕರೆಸಿ, ರಕ್ತನಾಳಕ್ಕೆ ಡ್ರಿಪ್ ಬೇಕಾಗುತ್ತದೆ. ಅಂಥ ಕರುವಿಗೆ ಗೊಟ್ಟದಲ್ಲಿ (ಮದ್ದು ಕುಡಿಸುವ ಕೊಳವೆಯಲ್ಲಿ) ಹೊಯ್ದರೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ.

ಮಾತ್ರೆ ಬೇಡ. ಒಂದನೇ ವಾರ ದಾಟಿದ ಕರುವಿನ ಭೇದಿಗೆ ಹೆಚ್ಚಾಗಿ ರೋಟಾ, ಕೊರೊನಾ ವೈರಸ್ ಅಥವಾ ಕ್ರಿಪ್ಟೊಸ್ಪೊರಿಡಿಯಂ ಎಂಬ ಸೂಕ್ಷ್ಮ ಪರಜೀವಿ ಕಾರಣ. ಈ ಮೂರಕ್ಕೂ ಸಾಮಾನ್ಯ ಆ್ಯಂಟಿಬಯೋಟಿಕ್ ನಾಟುವುದಿಲ್ಲ. ಜ್ವರ, ಸಗಣಿಯಲ್ಲಿ ರಕ್ತ ಕಂಡರೆ ವೈದ್ಯರು ನೋಡಿ ತೀರ್ಮಾನಿಸಲಿ.

ಉತ್ತರ 2

ಬಕೆಟ್ ಎಲ್ಲಿಡುತ್ತೀರಿ? ನೆಲದ ಮೇಲಿಟ್ಟು ಕುಡಿಸಿದರೆ ಕರು ತಲೆ ತಗ್ಗಿಸಿ ಗಟಗಟ ಎಳೆಯುತ್ತದೆ. ಆಗ ಹಾಲನ್ನು ನೇರ ನಾಲ್ಕನೇ ಹೊಟ್ಟೆಗೆ ಒಯ್ಯುವ ಅನ್ನನಾಳದ ಕೊನೆಯ ತೋಡು ಸರಿಯಾಗಿ ಮುಚ್ಚದೆ ಹಾಲು ಮೊದಲ ಹೊಟ್ಟೆಗೆ ಸೋರಿ ಅಲ್ಲೇ ಹುಳಿಯಾಗುತ್ತದೆ. ತೊಟ್ಟು ಇರುವ ಬಾಟಲಿ ಅಥವಾ ತೊಟ್ಟಿನ ಬಕೆಟ್ಟನ್ನು ಕರುವಿನ ಎದೆಮಟ್ಟಕ್ಕಿಂತ ಸ್ವಲ್ಪ ಮೇಲೆ ಕಟ್ಟಿ. ಬೇಗ ಮುಗಿಯಲೆಂದು ತೊಟ್ಟಿನ ತೂತು ದೊಡ್ಡದು ಮಾಡಬೇಡಿ, ಕರು ಚೀಪಿ ಎಳೆಯಬೇಕು.

ಹಾಲು 38–39 ಡಿಗ್ರಿ ಸೆಲ್ಸಿಯಸ್ ಇರಲಿ. ಕರೆದು ಇಟ್ಟು ಆರಿದ ಹಾಲು ಒಂದು ದಿನ, ಬಿಸಿ ಹಾಲು ಮರುದಿನ, ಈ ಏರುಪೇರೂ ಹೊಟ್ಟೆ ಕೆಡಿಸುತ್ತದೆ. ಥರ್ಮಾಮೀಟರ್ ಇದ್ದರೆ ಗುದದ್ವಾರದಲ್ಲಿಟ್ಟು ಕರುವಿನ ಮೈ ಶಾಖವನ್ನೂ ನೋಡಿ. 101.5ರಿಂದ 102.5 ಫ್ಯಾರನ್‌ಹೀಟ್ ಸಹಜ. 100ಕ್ಕಿಂತ ಇಳಿದರೆ ಮೊದಲು ಗೋಣಿ ಹೊದಿಸಿ ಬೆಚ್ಚಗೆ ಮಾಡಿ.

ಪ್ರಶ್ನೆ ಕೇಳಿದವರಿಂದ

ಬಕೆಟ್ ನೆಲದ ಮೇಲೇ ಇಡುತ್ತಿದ್ದೆವು. ಬೆರಳು ಚೀಪುತ್ತದೆ, ಚರ್ಮ ಮೂರು ಸೆಕೆಂಡಿಗೆ ಸಮವಾಯಿತು, ಶಾಖ 101.8. ಓಆರ್‌ಎಸ್ ಒಂದು ಲೀಟರ್ ಕುಡಿಯಿತು. ಎಮ್ಮೆಯ ಬಗ್ಗೆ ತಿಳಿಸಿ.

ಉತ್ತರ 3

ಚರ್ಮ ಮೂರು ಸೆಕೆಂಡ್ ಎಂದರೆ ನೀರು ಸ್ವಲ್ಪ ಕಡಿಮೆಯಾಗಿದೆ, ಭೇದಿ ಪೂರ್ತಿ ನಿಲ್ಲುವವರೆಗೆ ಓಆರ್‌ಎಸ್ ಬಿಡಬೇಡಿ. ಕರುವನ್ನು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಕ್ರಿಪ್ಟೊಸ್ಪೊರಿಡಿಯಂ ಮನುಷ್ಯರಿಗೂ ತಗಲುತ್ತದೆ, ಚಿಕ್ಕ ಮಕ್ಕಳನ್ನು ಅದರ ಹತ್ತಿರ ಬಿಡಬೇಡಿ.

ಎಮ್ಮೆ ಈಯುವ ಜಾಗ ಈ ಕರು ಮಲಗಿದ ಜಾಗವಾಗಬಾರದು. ಒಣಹುಲ್ಲು ಹಾಸಿ ಅದರ ಮೇಲೆ ಮಂಡಿಯೂರಿ ಅರ್ಧ ನಿಮಿಷ ಕೂತು ನೋಡಿ. ಬಟ್ಟೆ ಒದ್ದೆಯಾದರೆ, ಆ ಎತ್ತರದಲ್ಲಿ ಗಂಜಲದ ಘಾಟು ಮೂಗಿಗೆ ಬಡಿದರೆ ಹಾಸು ಬದಲಿಸಲೇಬೇಕು. ಕರುವಿನ ಮೂಗು ಇರುವುದು ಅದೇ ಎತ್ತರದಲ್ಲಿ.

ಹುಟ್ಟಿದ ಕೂಡಲೇ ಹೊಕ್ಕುಳ ಬಳ್ಳಿಯನ್ನು ಹೊಟ್ಟೆಯಿಂದ ಎರಡಂಗುಲ ಬಿಟ್ಟು ಶುದ್ಧ ದಾರದಲ್ಲಿ ಕಟ್ಟಿ, ಅದರ ಕೆಳಗೆ ಕತ್ತರಿಸಿ, ತುದಿಯನ್ನು ಟಿಂಕ್ಚರ್ ಅಯೋಡಿನ್‌ನಲ್ಲಿ ಅದ್ದಿ. ಒಣಗುವವರೆಗೆ ದಿನಕ್ಕೆರಡು ಸಲ.

ಎಲ್ಲಕ್ಕಿಂತ ಮುಖ್ಯ ಗಿಣ್ಣು ಹಾಲು. ಕರು ರೋಗನಿರೋಧಕ ಶಕ್ತಿಯನ್ನು ಹೊತ್ತು ಹುಟ್ಟುವುದಿಲ್ಲ, ಗಿಣ್ಣಿನಿಂದಲೇ ಪಡೆಯುತ್ತದೆ. ಕರುಳು ಅದನ್ನು ಹೀರುವ ಬಾಗಿಲು ಗಂಟೆಗಂಟೆಗೆ ಮುಚ್ಚುತ್ತಾ 24 ಗಂಟೆಯೊಳಗೆ ಪೂರಾ ಮುಚ್ಚಿಹೋಗುತ್ತದೆ. ಸತ್ತೆ (ಮಾಸು) ಬೀಳಲಿ ಎಂದು ಕಾಯುತ್ತಾ ಕೂರುವುದು ದೊಡ್ಡ ತಪ್ಪು. ಮೊದಲ ದಿನ ಕರುವಿನ ತೂಕದ ಹತ್ತರಲ್ಲೊಂದು ಭಾಗ ಹೊಟ್ಟೆಗೆ ಹೋಗಬೇಕು: 30 ಕಿಲೋ ಕರುವಿಗೆ ಮೂರು ಲೀಟರ್, ಅದರಲ್ಲಿ ಅರ್ಧ ಎರಡು ಗಂಟೆಯೊಳಗೆ.

ಎಮ್ಮೆಗರುಗಳಿಗೆ ತಾಯಿಯ ಹಾಲಿನಿಂದಲೇ ದುಂಡು ಜಂತುಹುಳು ದಾಟುತ್ತದೆ. 10ರಿಂದ 14ನೇ ದಿನದೊಳಗೆ ವೈದ್ಯರ ಹತ್ತಿರ ತೂಕಕ್ಕೆ ತಕ್ಕ ಪೈಪರಜಿನ್ ಬರೆಸಿಕೊಳ್ಳಿ. ಡೊಳ್ಳುಹೊಟ್ಟೆ, ಒರಟು ಕೂದಲು ಕಾಣುವವರೆಗೆ ಕಾಯಬೇಡಿ.

ಮಿಕ್ಕ ಗಿಣ್ಣನ್ನು ಒಂದೊಂದು ಲೀಟರ್ ಬಾಟಲಿಗೆ ತುಂಬಿ ಫ್ರೀಜರ್‌ನಲ್ಲಿಟ್ಟರೆ ತಾಯಿಗೆ ಹಾಲಿಳಿಯದ ಮುಂದಿನ ಸಲಕ್ಕೆ ಒದಗುತ್ತದೆ. ಕರಗಿಸುವಾಗ ಒಲೆಯ ಮೇಲಿಡಬೇಡಿ, 50 ಡಿಗ್ರಿ ದಾಟದ ಬಿಸಿನೀರಿನಲ್ಲಿ ಬಾಟಲಿ ಮುಳುಗಿಸಿಡಿ. ಕಾಸಿದ ಗಿಣ್ಣು ಗಟ್ಟಿಯಾಗುವುದು ಅದರ ಪ್ರೋಟೀನ್ ಬೆಂದು ಹೋದದ್ದರಿಂದ, ಕರುವಿಗೆ ಬೇಕಾದ ರಕ್ಷಣೆಯೂ ಅದರ ಜೊತೆಗೇ ಬೇಯುತ್ತದೆ.